200 ಕಿಲೋಮೀಟರ್ ಕಚ್ಚಾ ದಾರಿಗೆ ಉಕ್ಕಿನ ಸೈಕಲ್ ಸಜ್ಜು ಮಾಡುವುದು ಹೇಗೆ?

ಯಲಹಂಕದಿಂದ ಹೊರಟು ದೊಡ್ಡಬಳ್ಳಾಪುರ, ಘಾಟಿ ಸುಬ್ರಹ್ಮಣ್ಯ, ನಂದಿ, ಮುದ್ದೇನಹಳ್ಳಿ, ದೇವನಹಳ್ಳಿ ಸುತ್ತಿಕೊಂಡು ಬನ್ನಿ. ಹೆದ್ದಾರಿ ಬಿಟ್ಟು ಊರುಗಳ ನಡುವಿನ ಮಣ್ಣಿನ ದಾರಿಗಳನ್ನೇ ಹಿಡಿದರೆ ದಿನವಿಡೀ ತುಳಿಯಬಹುದು. ಕೆರೆ ಏರಿ, ನೀಲಗಿರಿ ತೋಪಿನೊಳಗಿನ ಬಂಡಿಜಾಡು, ದ್ರಾಕ್ಷಿ ತೋಟದ ಬೇಲಿ ಪಕ್ಕದ ಗರಸು, ಕ್ವಾರಿ ಲಾರಿಗಳು ಚೆಲ್ಲಿ ಹೋದ ಜಲ್ಲಿ, ಎಲ್ಲವೂ ಸಿಗುತ್ತವೆ. ಗೆಳೆಯರ ಜೊತೆ ಇಂಥ 200 ಕಿಲೋಮೀಟರ್ ಸವಾರಿಗೆ ನಾನು ಎರಡು ವರ್ಷ ಹೊರಟಿದ್ದೇನೆ. ಮೊದಲ ವರ್ಷ 140ನೆಯ ಕಿಲೋಮೀಟರಿನಲ್ಲಿ ನಿಲ್ಲಿಸಿದೆ. ಕಾಲಿನಲ್ಲಿ ಇನ್ನೂ ಕಸುವಿತ್ತು. ಆದರೆ ಎರಡೂ ಕೈಗಳ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದು ಬ್ರೇಕ್ ಲಿವರ್ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಮರುವರ್ಷ ಅದೇ ಸೈಕಲ್, ಅದೇ ಮೈ. ಬದಲಾಗಿದ್ದು ಸೈಕಲನ್ನು ಹೊಂದಿಸಿದ ರೀತಿ ಮಾತ್ರ. ರಾತ್ರಿ 8 ಗಂಟೆಗೆ ಮನೆ ಸೇರಿದೆ.

ಮೊದಲ ಸಲ ನಾನು ಸೈಕಲನ್ನು ಬೆಳಗಿನ 6 ಗಂಟೆಯ ಹುರುಪಿಗೆ ತಕ್ಕಂತೆ ಹೊಂದಿಸಿದ್ದೆ. ಮಧ್ಯಾಹ್ನ 3 ಗಂಟೆಯ ದಣಿವಿಗೆ ತಕ್ಕಂತೆ ಹೊಂದಿಸಬೇಕಿತ್ತು. ಮುಂದೆ ಬರೆದಿರುವುದೆಲ್ಲ ಈ ಲೆಕ್ಕದಲ್ಲೇ.

ಯಾವ ಸೈಕಲ್?

ಹಳ್ಳಿಗಾಡಿನ ಸೈಕಲ್ ಎಂದು ನಾನು ಕರೆಯುತ್ತಿರುವುದು ಉಕ್ಕಿನ ಕೊಳವೆಗಳ ಫ್ರೇಮು, ಅಗಲ ಟೈರಿಗೆ ಜಾಗ, ಎತ್ತರದ ಹ್ಯಾಂಡಲ್, ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂರಿಸಲು ಫ್ರೇಮಿನಲ್ಲೇ ಬೋಲ್ಟಿನ ಕಣ್ಣುಗಳಿರುವ ಸೈಕಲನ್ನು. ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಶುರುವಾದ ರಿವೆಂಡೆಲ್ ಎಂಬ ಸಣ್ಣ ಕಂಪನಿ ಇಂಥವನ್ನು ‘ಕಂಟ್ರಿ ಬೈಕ್’ ಎಂದು ಕರೆಯುತ್ತ ಬಂದಿದೆ. ಹಳೆಯ ಉಕ್ಕಿನ ಸೈಕಲ್ ಇಂಥ ದಾರಿ ತಡೆದೀತೇ ಎಂಬ ಅನುಮಾನ ಬೇಡ. ಇಟಲಿಯ ಟಸ್ಕನಿಯಲ್ಲಿ 1997ರಿಂದ ನಡೆಯುತ್ತಿರುವ ‘ಎರೋಯಿಕಾ’ ಸವಾರಿಗೆ 1987ಕ್ಕಿಂತ ಹಿಂದಿನ ಸೈಕಲ್ಲುಗಳೇ ಬರಬೇಕು. ಅವು ಅಲ್ಲಿನ ಬಿಳಿ ಮಣ್ಣಿನ ರಸ್ತೆಗಳಲ್ಲಿ ನೂರಾರು ಕಿಲೋಮೀಟರ್ ಓಡುತ್ತವೆ.

ಅಜ್ಜನ ಕಾಲದ ಅಟ್ಲಾಸ್, ಹರ್ಕ್ಯುಲಿಸ್ ಮನೆಯಲ್ಲಿದ್ದರೆ ಅದನ್ನೇ ಒಯ್ಯಬಹುದೇ ಎಂದು ಹಲವರು ಕೇಳುತ್ತಾರೆ. 50 ಕಿಲೋಮೀಟರಿಗೆ ಧಾರಾಳವಾಗಿ ಒಯ್ಯಿರಿ. 200ಕ್ಕೆ ಬೇಡ ಎಂದೇ ನನ್ನ ಅಭಿಪ್ರಾಯ. ಅದರ ಸರಳು ಬ್ರೇಕು ಉಕ್ಕಿನ ರಿಮ್ ಒದ್ದೆಯಾದರೆ ಹಿಡಿಯುವುದಿಲ್ಲ. ಅದರ 635 ಮಿ.ಮೀ. ರಿಮ್ಮಿಗೆ ಒಳ್ಳೆಯ ಅಗಲ ಟೈರು ಸಿಗುವುದು ಕಷ್ಟ. ಒಂದೇ ಗೇರಿನಲ್ಲಿ ಏರು ಹತ್ತುವುದು ದಿನದ ಕೊನೆಗೆ ಮಂಡಿಯ ಮೇಲೆ ಬರುತ್ತದೆ.

ಮೊದಲ ಕೆಲಸ: ಅಳತೆ

ಟೈರು ಕೊಳ್ಳುವ ಮುಂಚೆ ಫ್ರೇಮಿನಲ್ಲಿ ಎಷ್ಟು ಜಾಗವಿದೆ ಎಂದು ನೋಡಿ. 6 ಮಿ.ಮೀ. ಅಲೆನ್ ಕೀ ತೆಗೆದುಕೊಂಡು ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿಯಲ್ಲಿ ತೂರಿಸಿ. ಎಲ್ಲೂ ತಾಗದೆ ಹೋಗಬೇಕು. ಹಿಂದಿನ ಚಕ್ರದಲ್ಲಿ ಪೆಡಲ್ ಕಾಲುಗಳೆರಡೂ ಸೇರಿ ತಿರುಗುವ ಅಚ್ಚಿಗೆ (ಬಾಟಮ್ ಬ್ರಾಕೆಟ್) ಹತ್ತಿರದ ಜಾಗವೇ ಸಾಮಾನ್ಯವಾಗಿ ಇಕ್ಕಟ್ಟು. ಮಡ್‌ಗಾರ್ಡ್ ಇದ್ದರೆ ಟೈರಿನ ನೆತ್ತಿಗೂ ಅದಕ್ಕೂ ನಡುವೆ 10 ಮಿ.ಮೀ.ಗಿಂತ ಕಡಿಮೆ ಬಿಡಬೇಡಿ. ನಮ್ಮ ಕೆಂಪು ಮಣ್ಣು ಉತ್ತರ ಕರ್ನಾಟಕದ ಎರೆಮಣ್ಣಿನಷ್ಟು ಅಂಟುವುದಿಲ್ಲ, ನಿಜ. ಆದರೆ ಅದರೊಡನೆ ಬರುವ ಸಣ್ಣ ಕಲ್ಲು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರೆ ಫ್ರೇಮಿನ ಬಣ್ಣವನ್ನು ಅರದಿಂದ ಉಜ್ಜಿದಂತೆ ಕೆರೆದು ಹಾಕುತ್ತದೆ.

ಟೈರಿನ ಪಕ್ಕದಲ್ಲಿ 45-622 ಎಂಬಂಥ ಅಂಕಿ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 622 ಎಂದರೆ 700ಸಿ, 584 ಎಂದರೆ 650ಬಿ, 559 ಎಂದರೆ ಹಳೆಯ 26 ಇಂಚಿನ ಮೌಂಟನ್ ಬೈಕ್ ಚಕ್ರ. ಅಂಗಡಿಯಲ್ಲಿ ಇಂಚಿನ ಲೆಕ್ಕ ಹೇಳಿದರೆ ಗೊಂದಲವಾಗುತ್ತದೆ. ಈ ಎರಡು ಅಂಕಿಗಳನ್ನೇ ಬರೆದುಕೊಂಡು ಹೋಗಿ.

ಚಕ್ರ

ಹಿಂದಿನ ಚಕ್ರಕ್ಕೆ 32 ಕಡ್ಡಿಗಳು ಇರಲೇಬೇಕು. ಸಾಮಾನು ಹೊರುವುದಾದರೆ 36 ಇನ್ನೂ ಒಳ್ಳೆಯದು. ಚಕ್ರವನ್ನು ಎತ್ತಿ ತಿರುಗಿಸಿ, ಬೆಂಡ್ ಇದ್ದರೆ ತೆಗೆಸಿ. ಆಮೇಲೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ. ಒಂದೇ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ನಡುವೆ ಒಂದು ಮಂಕಾಗಿ ‘ದಬ್’ ಎಂದರೆ ಅದು ಸಡಿಲವಿದೆ, ಪಕ್ಕದ ಕಡ್ಡಿಗಳು ಅದರ ಭಾರವನ್ನೂ ಹೊರುತ್ತಿವೆ. ಮುರಿಯುವುದು ಪಕ್ಕದವೇ. ನಮ್ಮ ಬೀದಿಯ ಸೈಕಲ್ ಅಂಗಡಿಯ ಯಜಮಾನರು ಕಣ್ಣು ಮುಚ್ಚಿಕೊಂಡು ಚಕ್ರ ಮೀಟುವುದನ್ನು ನೋಡಿ ಇದನ್ನು ಕಲಿತೆ. ಬ್ರೇಕ್ ರಬ್ಬರು ರಿಮ್ಮಿಗೇ ಹಿಡಿಯುವ ಸೈಕಲ್ಲಾದರೆ ರಿಮ್ಮಿನ ಪಕ್ಕ ಒಳಕ್ಕೆ ಸವೆದು ಕುಳಿ ಬಿದ್ದಿದೆಯೇ ಎಂದು ಸ್ಕೇಲ್ ಇಟ್ಟು ನೋಡಿ. ಬಿದ್ದಿದ್ದರೆ ಆ ರಿಮ್ಮಿನ ಆಯಸ್ಸು ಮುಗಿದಿದೆ.

ಟೈರು ಮತ್ತು ಗಾಳಿ

ಸವಾರಿಯ ಅರ್ಧ ಸುಖದುಃಖ ಇಲ್ಲೇ ಇದೆ, ಆದ್ದರಿಂದ ಇಲ್ಲಿ ಅವಸರ ಬೇಡ.

ಅಗಲ 42ರಿಂದ 50 ಮಿ.ಮೀ. ನಡುವೆ ಇರಲಿ. ಮೈಮೇಲೆ ದೊಡ್ಡ ರಬ್ಬರ್ ಗುಬುಟುಗಳಿರುವ ಟೈರು ಬೇಡ. ನಮ್ಮ ದಾರಿಗಳು ಬಹುತೇಕ ಒಣಗಿ ಗಟ್ಟಿಯಾದ ಮಣ್ಣು, ನಡುನಡುವೆ ಡಾಂಬರು. ನಡುಭಾಗ ನುಣುಪಾಗಿದ್ದು ಅಂಚಿನಲ್ಲಿ ಸಣ್ಣ ಗುಬುಟುಗಳಿರುವ ಟೈರು ಸಾಕು. ಆದರೆ ಪಕ್ಕದ ಗೋಡೆ ಗಟ್ಟಿಯಾಗಿರಬೇಕು. ಅಮೆರಿಕದ ಕಾನ್ಸಾಸ್‌ನಲ್ಲಿ 2006ರಿಂದ ನಡೆಯುವ, ಈಗ ‘ಅನ್‌ಬೌಂಡ್ ಗ್ರಾವೆಲ್’ ಎಂದು ಹೆಸರಾಗಿರುವ ಸ್ಪರ್ಧೆಯಲ್ಲಿ ಚಕಮಕಿ ಕಲ್ಲಿನ ಅಲಗು ಟೈರಿನ ಪಕ್ಕ ಸೀಳುವುದೇ ದೊಡ್ಡ ಭಯ. ನಮ್ಮಲ್ಲಿ ಆ ಕೆಲಸ ಮಾಡುವುದು ಚಿಕ್ಕಬಳ್ಳಾಪುರದ ಕಡೆಯ ಗ್ರಾನೈಟ್ ಚೂರು. ಹೊಸದಾಗಿ ಒಡೆದ ಜಲ್ಲಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ, ತೀರಾ ತೆಳು ಟೈರು ಯಾಕೆ ಬೇಡ ಎಂದು ತಿಳಿಯುತ್ತದೆ.

ಗಾಳಿಯ ವಿಷಯದಲ್ಲಿ ನಮ್ಮ ಊರಿನ ಅಭ್ಯಾಸ ಕಲ್ಲಿನಂತೆ ಗಟ್ಟಿ ಹೊಡೆಸುವುದು. ನಾನೂ ಮೊದಲ ವರ್ಷ 60 ಪಿಎಸ್‌ಐ ಹೊಡೆಸಿಕೊಂಡು ಹೋಗಿದ್ದೆ. ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಆ ಪುಟಿತ ಹ್ಯಾಂಡಲ್ ಹಿಡಿದು ಅಂಗೈಗೆ ಬರುತ್ತದೆ, ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರವನ್ನು ಗಂಟೆಗಟ್ಟಲೆ ಜಜ್ಜುತ್ತದೆ. ಕೊನೆಯ ಎರಡು ಬೆರಳು ಜೋಮು ಹಿಡಿಯುವುದು ಹಾಗೆ. ಫ್ರಾಂಕ್ ಬರ್ಟೋ ಎಂಬ ಅಮೆರಿಕದ ಸೈಕಲ್ ಬರಹಗಾರರು ಬಹಳ ಟೈರುಗಳನ್ನು ಅಳೆದು ಒಂದು ಸೂತ್ರ ಕೊಟ್ಟಿದ್ದಾರೆ: ಸವಾರ ಕೂತಾಗ ಟೈರಿನ ಎತ್ತರ ಸುಮಾರು 15 ಶೇಕಡಾ ಕುಗ್ಗಬೇಕು. 45 ಮಿ.ಮೀ. ಟೈರಾದರೆ 6ರಿಂದ 7 ಮಿ.ಮೀ. ಎಂದು ಇಟ್ಟುಕೊಳ್ಳಿ.

ನನ್ನ ತೂಕ 72 ಕೆ.ಜಿ., ಸೈಕಲ್ 14, ನೀರು ಮತ್ತು ಸಾಮಾನು 6, ಒಟ್ಟು 92. 45 ಮಿ.ಮೀ. ಟೈರಿಗೆ ಟ್ಯೂಬ್ ಹಾಕಿ ನಾನು ಮುಂದೆ 32, ಹಿಂದೆ 38 ಪಿಎಸ್‌ಐ ಇಡುತ್ತೇನೆ. ಬಾರ್ ಲೆಕ್ಕದಲ್ಲಿ 2.2 ಮತ್ತು 2.6. ಹಿಂದಿನ ಚಕ್ರ ಹೆಚ್ಚು ಭಾರ ಹೊರುವುದರಿಂದ ಅದಕ್ಕೆ ಹೆಚ್ಚು. ನಿಮ್ಮ ಅಂಕಿ ಹುಡುಕಿಕೊಳ್ಳುವ ಬಗೆ ಹೀಗೆ: 3 ಕಿಲೋಮೀಟರಿನಷ್ಟು ಒರಟು ದಾರಿಯೊಂದನ್ನು ಆರಿಸಿಕೊಳ್ಳಿ. ಮೊದಲು 45 ಪಿಎಸ್‌ಐ ಇಟ್ಟು ಹೋಗಿ. ಪ್ರತಿ ಸುತ್ತಿಗೂ 3 ಪಿಎಸ್‌ಐ ಇಳಿಸುತ್ತ ಬನ್ನಿ. ಒಂದು ಹಂತದಲ್ಲಿ ಕೈಗೆ ಬರುವ ನಡುಕ ಥಟ್ಟನೆ ತಗ್ಗುತ್ತದೆ. ಮತ್ತೂ ಇಳಿಸಿದರೆ ಕಲ್ಲಿಗೆ ರಿಮ್ ಬಡಿದ ‘ಠಣ್’ ಸದ್ದು ಕೇಳುತ್ತದೆ. ಆ ಸದ್ದಿಗಿಂತ 4 ಪಿಎಸ್‌ಐ ಮೇಲಕ್ಕೆ ನಿಲ್ಲಿಸಿ. ಸಾಮಾನು ಹೇರಿಕೊಂಡೇ ಇದನ್ನು ಮಾಡಬೇಕು, ಒಂದೇ ಗಾಳಿ ಮಾಪಕ ಬಳಸಬೇಕು. ಪಂಪಿನಿಂದ ಪಂಪಿಗೆ ಮುಳ್ಳು ಬೇರೆ ಬೇರೆ ತೋರಿಸುತ್ತದೆ.

ಟ್ಯೂಬ್‌ಲೆಸ್ ಮಾಡಿಸಬಹುದೇ? ಜಾಲಿ ಮುಳ್ಳಿಗೆ ಅದು ಒಳ್ಳೆಯ ಮದ್ದು. ಆದರೆ ತೂತು ಮುಚ್ಚಲು ಒಳಗೆ ಹಾಕುವ ದ್ರವ ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಸವಾರಿಗೆ ಎರಡು ವಾರ ಮುಂಚೆ ಹೊಸದಾಗಿ ಹಾಕಿಸಿ, ಜೊತೆಗೆ ಟ್ಯೂಬೂ ಇಟ್ಟುಕೊಳ್ಳಿ.

ಗೇರು

ಅಜ್ಜನ ಕಾಲದ ಸೈಕಲ್ಲಿನ ಹಲ್ಲು ಎಣಿಸಿದ್ದೇನೆ: ಮುಂದೆ 44, ಹಿಂದೆ 18. ಒಂದು ಸುತ್ತು ಪೆಡಲಿಗೆ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಸಮತಟ್ಟಿಗೆ ಸರಿ. ಮುಂದೆ 46 ಮತ್ತು 30, ಹಿಂದೆ 11ರಿಂದ 34 ಹಲ್ಲು ಇದ್ದರೆ ತೀರಾ ಹಗುರ ಗೇರಿನಲ್ಲಿ ಸುತ್ತಿಗೆ ಎರಡು ಮೀಟರಿಗೂ ಕಡಿಮೆ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 7 ಕಿಲೋಮೀಟರ್ ವೇಗದಲ್ಲಿ ಏರು ಹತ್ತಬಹುದು. ಅದಕ್ಕಿಂತ ನಿಧಾನವಾದರೆ ಜಲ್ಲಿಯ ಮೇಲೆ ತೂಕ ತಪ್ಪುತ್ತದೆ, ಇಳಿದು ನಡೆಯುವುದೇ ಮೇಲು. ಮುಂದಿನ ಸಣ್ಣ ಹಲ್ಲುಚಕ್ರ ಹಿಂದಿನ ದೊಡ್ಡದಕ್ಕಿಂತ ಚಿಕ್ಕದಿರಲಿ, ಇಷ್ಟು ನೆನಪಿದ್ದರೆ ಸಾಕು. ಬೆಳಿಗ್ಗೆ ಈ ಗೇರು ಬೇಡವೆನ್ನಿಸುತ್ತದೆ. ಮಧ್ಯಾಹ್ನ ಘಾಟಿಯ ಹಿಂಬದಿಯ ಏರಿನಲ್ಲಿ ಅದೊಂದೇ ಬೇಕೆನ್ನಿಸುತ್ತದೆ.

ಸೀಟು, ಹ್ಯಾಂಡಲ್

ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 82 ಸೆಂ.ಮೀ. ಇದ್ದರೆ 72.4 ಬರುತ್ತದೆ. ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ಸೀಟಿನ ಮೇಲ್ಮೈಗೆ ಅಷ್ಟು ದೂರ ಇಟ್ಟು ಶುರುಮಾಡಿ. ಆಮೇಲೆ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲ್ ತೀರಾ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಒರಟು ದಾರಿಗೆ ನಾನು ಇದಕ್ಕಿಂತ ಅರ್ಧ ಸೆಂಟಿಮೀಟರ್ ಇಳಿಸುತ್ತೇನೆ. ಗುಂಡಿ ಬಂದಾಗ ಸೀಟಿನಿಂದ ಮೈ ಎತ್ತುವುದು ಸಲೀಸು.

ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಅಥವಾ 2-3 ಸೆಂ.ಮೀ. ಮೇಲಕ್ಕೆ ಇರಲಿ. ಹಳೆಯ ಮಾದರಿಯ ಹ್ಯಾಂಡಲ್ ಕೊರಳನ್ನು (ಸ್ಟೆಮ್) ಮೇಲೆತ್ತುವಾಗ ಅದರ ಮೇಲೆ ಕೊರೆದಿರುವ ಗೆರೆಯನ್ನು ನೋಡಿ. ಆ ಗೆರೆ ಹೊರಗೆ ಕಾಣುವಷ್ಟು ಎತ್ತಿದರೆ ಇಳಿಜಾರಿನಲ್ಲಿ ಕೊರಳು ಮುರಿದು ಕೈಗೆ ಬರಬಹುದು. ಇದರಲ್ಲಿ ರಾಜಿ ಬೇಡವೇ ಬೇಡ. ಎತ್ತರ ಸಾಲದಿದ್ದರೆ ಉದ್ದ ಕೊರಳು ತಂದು ಹಾಕಿ.

ಹ್ಯಾಂಡಲ್ ಯಾವ ಆಕಾರದ್ದಾದರೂ ಕೈ ಇಡಲು ಕನಿಷ್ಠ ಮೂರು ಜಾಗ ಬೇಕು. ನೇರ ಹ್ಯಾಂಡಲ್ ಒಂದೇ ಜಾಗ ಕೊಡುತ್ತದೆ, ಅದಕ್ಕೆ ತುದಿಯಲ್ಲಿ ಕೊಂಬು ಹಾಕಿಸಿ. ಹಿಂದಕ್ಕೆ ಬಾಗಿದ ಹ್ಯಾಂಡಲ್ ಆದರೆ ಬಾಗಿನ ಮುಂಭಾಗಕ್ಕೂ ಟೇಪ್ ಸುತ್ತಿ. ಎದುರುಗಾಳಿಯಲ್ಲಿ ಬಗ್ಗಿ ಅಲ್ಲಿ ಹಿಡಿಯಬಹುದು. ನಾನು ಈಗ ಟೇಪನ್ನು ಎರಡು ಸುತ್ತು ಸುತ್ತುತ್ತೇನೆ, ಹತ್ತು ನಿಮಿಷಕ್ಕೊಮ್ಮೆ ಕೈ ಜಾಗ ಬದಲಿಸುತ್ತೇನೆ. ನನ್ನ ಜೋಮು ಹೋದದ್ದು ಕಡಿಮೆ ಗಾಳಿಯಿಂದ ಮತ್ತು ಈ ಬದಲಾವಣೆಯಿಂದ.

ಚರ್ಮದ ಸೀಟು ನಿಮ್ಮ ಮೈಗೆ ಒಗ್ಗಲು ನೂರಾರು ಕಿಲೋಮೀಟರ್ ಬೇಕು. ಸವಾರಿಗೆ ತಿಂಗಳಿರುವಾಗ ಹೊಸದು ಕೊಳ್ಳಬೇಡಿ. ಮೆತ್ತನೆಯ ದಪ್ಪ ಸೀಟು ಅಂಗಡಿಯಲ್ಲಿ ಹಿತವೆನ್ನಿಸುತ್ತದೆ, 60 ಕಿಲೋಮೀಟರ್ ದಾಟಿದ ಮೇಲೆ ತೊಡೆ ಉಜ್ಜಿ ಗಾಯ ಮಾಡುತ್ತದೆ.

ಬ್ರೇಕು, ಚೈನು, ಬೋಲ್ಟು

ಬ್ರೇಕ್ ರಬ್ಬರುಗಳನ್ನು ಬಿಚ್ಚಿ ನೋಡಿ. ಮರಳಿನ ಕಾಳು, ಅಲ್ಯೂಮಿನಿಯಮ್ ಚೂರು ಹೊಳೆಯುತ್ತಿದ್ದರೆ ಸೂಜಿಯಿಂದ ಕಿತ್ತು, ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಿ. ವೈರ್ ಹಳೆಯದಾದರೆ ಹೊರ ಕವಚದ ಸಮೇತ ಬದಲಿಸಿ. ದಣಿದ ಬೆರಳಿಗೆ ಲಿವರ್ ಹಗುರವಾಗಿರಬೇಕು.

ಚೈನಿನ ಸವೆತ ನೋಡಲು ಉಕ್ಕಿನ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದರೆ 12 ಇಂಚಿನ ಗೆರೆ ಇನ್ನೊಂದು ಪಿನ್ನಿನ ನಡುವಿಗೆ ಸರಿಯಾಗಿ ಬರಬೇಕು. ಇಂಚಿನ ಹದಿನಾರನೆಯ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸಿ. ಎಂಟನೆಯ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ. ಹಳೆಯ ಎಂಜಿನ್ ಆಯಿಲ್ ಹಚ್ಚುವ ಪದ್ಧತಿ ಬಿಟ್ಟುಬಿಡಿ. ನಮ್ಮ ಕೆಂಧೂಳು ಅದಕ್ಕೆ ಅಂಟಿ ಅರೆಯುವ ಹಿಟ್ಟಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ತೆಳು ಎಣ್ಣೆಯನ್ನು ಕೊಂಡಿಗೊಂದು ಹನಿ ಬಿಟ್ಟು, ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿ.

ಕ್ಯಾರಿಯರ್, ಮಡ್‌ಗಾರ್ಡ್, ಬಾಟಲಿ ಹಿಡಿಕೆಗಳಿಗೆ ಬಹುಪಾಲು 5 ಮಿ.ಮೀ. ಬೋಲ್ಟು. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸ್ಟೇನ್‌ಲೆಸ್ ಬೋಲ್ಟು ಸಿಗುತ್ತದೆ. ಒಂದು ಹಿಡಿ ತಂದು ಎಲ್ಲವನ್ನೂ ಬದಲಿಸಿ, ಅವುಗಳ ಮರೆಗೆ (ತಿರುಪಿನ ಸುರುಳಿಗೆ) ಸಡಿಲವಾಗದಂತೆ ಹಿಡಿಯುವ ನೀಲಿ ಬಣ್ಣದ ಥ್ರೆಡ್ ಲಾಕರ್ ಒಂದು ತೊಟ್ಟು ಹಚ್ಚಿ. ಪೆಡಲ್ ಮರೆಗೆ ಗ್ರೀಸು ಹಚ್ಚಿ. ಎಡ ಪೆಡಲಿನ ಮರೆ ಉಲ್ಟಾ ಎಂಬುದು ನೆನಪಿರಲಿ.

ನಮ್ಮ ಸವಾರಿ ಜನವರಿಯಲ್ಲಿ. ಆಗ ಮಳೆಯಿಲ್ಲ, ಮುಂದಿನ ಮಡ್‌ಗಾರ್ಡ್ ಬಿಚ್ಚಿಡುತ್ತೇನೆ. ತೋಪಿನಲ್ಲಿ ನೀಲಗಿರಿ ಕಡ್ಡಿಯೊಂದು ಒಳಗೆ ಸಿಕ್ಕಿಕೊಂಡರೆ ಚಕ್ರ ಒಮ್ಮೆಲೇ ನಿಂತು ಸವಾರ ಹ್ಯಾಂಡಲ್ ಮೇಲಿಂದ ಬೀಳುತ್ತಾನೆ. ಮಳೆಗಾಲದಲ್ಲಿ ಬೇಕೇ ಬೇಕು ಎನ್ನುವವರು ಸೆಳೆತ ಬಂದರೆ ತಾನೇ ಕಳಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ ಇರುವಂಥದ್ದನ್ನೇ ಹಾಕಿಸಿ.

ಇನ್ನೊಂದು ಮಾತು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೆ ಹರಡಿ ಒಕ್ಕಣೆ ಮಾಡಿರುತ್ತಾರೆ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಗೇರು ಬದಲಿಸುವ ತೋಳು (ಡಿರೈಲರ್) ತಿರುಚಿ ಮುರಿಯುತ್ತದೆ. ಆ ಬೆಳೆ ಒಬ್ಬರ ವರ್ಷದ ಅನ್ನವೂ ಹೌದು. ಇಳಿದು, ಸೈಕಲ್ ಎತ್ತಿಕೊಂಡು, ಅಂಚಿನಲ್ಲಿ ನಡೆಯಿರಿ.

ಹೊರೆ, ನೀರು, ದೀಪ

ಬೆನ್ನಿಗೆ ಚೀಲ ಬೇಡ, ಭಾರವೆಲ್ಲ ಸೈಕಲ್ಲಿನ ಮೇಲಿರಲಿ. ತಿನ್ನುವುದು ಕೈಗೆ ಸಿಗುವಂತೆ ಹ್ಯಾಂಡಲ್ ಚೀಲದಲ್ಲಿ, ಸಲಕರಣೆ ಸೀಟಿನ ಹಿಂದೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು. ಹಳ್ಳಿಗಳು ಹತ್ತಿರ ಹತ್ತಿರ ಇರುವುದರಿಂದ ಮೂರು ಬಾಟಲಿ ಸಾಕು, ಒಂದರಲ್ಲಿ ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಿ. ಕಡಲೆಕಾಯಿ ಚಿಕ್ಕಿ, ಏಲಕ್ಕಿ ಬಾಳೆ, ಎರಡು ಬೇಳೆ ಹೋಳಿಗೆ ನನ್ನ ಬುತ್ತಿ. ಹೋಳಿಗೆ ಜಜ್ಜಿಹೋದರೂ ರುಚಿ ಕೆಡುವುದಿಲ್ಲ.

ಡಾಂಬರಿನ ಮೇಲಿನ 200 ಕಿಲೋಮೀಟರ್ ಬ್ರೆವೆಗಳಿಗೆ (ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಿಗೆ) ಪ್ಯಾರಿಸ್ಸಿನ ಓಡಾಕ್ಸ್ ಕ್ಲಬ್ಬಿನ ನಿಯಮದಂತೆ 13 ಗಂಟೆ 30 ನಿಮಿಷ ಕಾಲಾವಕಾಶ. ಮಣ್ಣಿನ ದಾರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಜನವರಿಯಲ್ಲಿ ಬೆಂಗಳೂರಿನ ಸೂರ್ಯೋದಯ 6.45ರ ಆಸುಪಾಸು, ಮುಸ್ಸಂಜೆ ಆರೂಕಾಲಿಗೆಲ್ಲ ಕತ್ತಲು ಶುರು. ದೀಪ ಎರಡೂ ಹೊತ್ತಿಗೆ ಬೇಕು. ಹಿಂದಿನ ಕೆಂಪು ದೀಪವನ್ನು ಚೀಲ ಮರೆಮಾಡದಂತೆ ಕಟ್ಟಿ.

ಪಂಕ್ಚರ್

ಎರಡು ಟ್ಯೂಬ್, ಪ್ಯಾಚು, ಸೊಲ್ಯೂಷನ್, ಉಪ್ಪುಕಾಗದ, ಟೈರ್ ಲಿವರ್, ಪಂಪು, ಅಲೆನ್ ಕೀ ಗೊಂಚಲು, ಚೈನ್ ಕೀಲು ಬಿಚ್ಚುವ ಸಲಕರಣೆ, ಒಂದು ಜೋಡಣೆ ಕೊಂಡಿ. ಟ್ಯೂಬಿನ ವಾಲ್ವ್ ತೆಳು ಫ್ರೆಂಚ್ ಮಾದರಿಯದಾದರೆ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಅದಕ್ಕೇ ತಿರುಗಿಸಿಡಿ. ಆಗ ಯಾವ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಾದರೂ ಬೈಕಿಗೆ ಹೊಡೆಯುವ ಗಾಳಿಯನ್ನೇ ಹೊಡೆಸಬಹುದು.

ಒಮ್ಮೆ ಹೆಸರಘಟ್ಟದ ಹುಲ್ಲುಗಾವಲಿನ ಅಂಚಿನಲ್ಲಿ ಹಿಂದಿನ ಟೈರು ಕೂತಿತು. ಟ್ಯೂಬ್ ಬದಲಿಸಿ ಹೊರಟೆ. ಹತ್ತು ನಿಮಿಷದಲ್ಲಿ ಮತ್ತೆ ಕೂತಿತು. ಜಾಲಿ ಮುಳ್ಳಿನ ತುದಿ ಟೈರಿನೊಳಗೇ ಮುರಿದುಕೊಂಡಿತ್ತು. ಹೊರಗಿನಿಂದ ಕಾಣುವಂತಿರಲಿಲ್ಲ, ಒಳಗೆ ಬಟ್ಟೆ ಸವರಿದಾಗ ಎಳೆ ಸಿಕ್ಕಿಕೊಂಡು ತಿಳಿಯಿತು. ಅಂದಿನಿಂದ ಟೈರಿನ ಮೇಲಿನ ಹೆಸರು ಯಾವಾಗಲೂ ವಾಲ್ವ್ ಎದುರಿಗೇ ಬರುವಂತೆ ಕೂರಿಸುತ್ತೇನೆ. ಟ್ಯೂಬಿಗೆ ಗಾಳಿ ಊದಿ ತೂತು ಹುಡುಕಿ, ವಾಲ್ವ್‌ನಿಂದ ಅದು ಎಷ್ಟು ದೂರವಿದೆ ಎಂದು ನೋಡಿದರೆ ಟೈರಿನಲ್ಲಿ ಮುಳ್ಳು ಎಲ್ಲಿದೆ ಎಂಬುದು ನೇರ ಸಿಗುತ್ತದೆ. ಟೈರಿನ ಪಕ್ಕ ಸೀಳಿದರೆ ಒಳಗಿಡಲು ಹಳೆಯ ಟೈರಿನ ಬೆರಳುದ್ದದ ತುಂಡೊಂದನ್ನೂ ಕತ್ತರಿಸಿಟ್ಟುಕೊಳ್ಳಿ.

ಕೊನೆಯ ಒಂದು ತಿಂಗಳು

ಸವಾರಿಗೆ ನಾಲ್ಕು ವಾರ ಇರುವಾಗಲೇ ಎಲ್ಲ ಬಿಡಿಭಾಗಗಳೂ ಸೈಕಲ್ಲಿನ ಮೇಲೆ ಇರಬೇಕು. ಮೊದಲ ವಾರ ಬರಿ ಸೈಕಲ್ಲಿನಲ್ಲಿ 60 ಕಿಲೋಮೀಟರ್ ಹೋಗಿ. ಎರಡನೆಯ ವಾರ ಪೂರ್ತಿ ಹೊರೆ ಹೇರಿಕೊಂಡು 100, ಮೂರನೆಯ ವಾರ 130 ಇಲ್ಲವೆ 150, ಅದರಲ್ಲಿ ಎರಡು ಗಂಟೆಯಾದರೂ ಕತ್ತಲಲ್ಲಿ. ಈ ಸವಾರಿಗಳಲ್ಲಿ ನೋವು ಯಾವ ಗಂಟೆಗೆ, ಎಲ್ಲಿ ಶುರುವಾಯಿತು ಎಂದು ಬರೆದಿಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೀಟನ್ನೂ ಹ್ಯಾಂಡಲನ್ನೂ ಒಟ್ಟಿಗೆ ಅಲ್ಲಾಡಿಸಿದರೆ ಯಾವುದರಿಂದ ಹಿತವಾಯಿತು ಎಂದು ಗೊತ್ತಾಗುವುದಿಲ್ಲ. ಸರಿಹೋದ ಅಳತೆಗೆ ಸೀಟಿನ ಕಂಬದ ಸುತ್ತ ಟೇಪ್ ಗುರುತು ಹಾಕಿ. ಕೊನೆಯ ವಾರ ಹೊಸ ವಸ್ತು ಯಾವುದೂ ಬೇಡ, ಹೊಸ ಚಡ್ಡಿ ಕೂಡ.

ಹಿಂದಿನ ಸಂಜೆ ಗಾಳಿ ಅಳೆದಿಡಿ. ಬೆಳಿಗ್ಗೆ ಮತ್ತೊಮ್ಮೆ ಅಳೆದು ನೋಡಿ, ರಾತ್ರಿಯಲ್ಲಿ ಇಳಿದಿದ್ದರೆ ಎಲ್ಲೋ ಮುಳ್ಳಿದೆ. ಹೊರಟು ಹತ್ತು ಕಿಲೋಮೀಟರಾದ ಮೇಲೆ, ಮಣ್ಣಿನ ದಾರಿ ಸಿಕ್ಕ ತಕ್ಷಣ ಒಮ್ಮೆ ನಿಲ್ಲಿಸಿ. ಕ್ಯಾರಿಯರ್ ಬೋಲ್ಟುಗಳನ್ನು ಬೆರಳಿನಿಂದ ತಿರುಗಿಸಿ, ಚೀಲದ ಪಟ್ಟಿ ಎಳೆದು ನೋಡಿ. ಅಲ್ಲಾಡಿದ್ದನ್ನು ಅಲ್ಲೇ ಬಿಗಿಮಾಡಿ ಹೊರಡಿ.